ದಾಸೋಹದ ಒಲೆಯ ಲೆಕ್ಕ

(ನನ್ನಿವಾಳದಲ್ಲಿ ನಡೆದ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

ವೇದಿಕೆಯ ಮೇಲಿರುವ ಹಿರಿಯರಿಗೆ, ಮುಂದೆ ಕುಳಿತ ಶರಣ ಶರಣೆಯರಿಗೆ, ಹಿಂದೆ ಗೋಡೆಗೆ ಒರಗಿ ನಿಂತ ತರುಣರಿಗೆ, ಒಳಗೆ ಅಡುಗೆಮನೆಯಲ್ಲಿ ಇನ್ನೂ ಸಾರಿಗೆ ಒಗ್ಗರಣೆ ಹಾಕುತ್ತಿರುವ ತಾಯಂದಿರಿಗೆ ಶರಣು ಶರಣಾರ್ಥಿಗಳು. ಆ ತಾಯಂದಿರಿಗೆ ನನ್ನ ಮಾತು ಕೇಳಿಸುತ್ತಿಲ್ಲ ಎಂಬುದು ಗೊತ್ತು. ಆದರೆ ಇವತ್ತಿನ ಮಾತು ಅವರ ವಿಷಯವೇ.

ಆಹ್ವಾನಪತ್ರಿಕೆಯಲ್ಲಿ ನನಗೆ ಕೊಟ್ಟಿರುವ ವಿಷಯ ‘ಸಾರ್ವಜನಿಕ ಕಟ್ಟಡಗಳಲ್ಲಿ ಶಾಖ ಮತ್ತು ಇಂಧನದ ಮಿತಬಳಕೆ’. ಬಸ್ಸಿಳಿದು ಚಹಾ ಕುಡಿಯುತ್ತಿದ್ದಾಗ ಊರಿನ ಹಿರಿಯರೊಬ್ಬರು ಆ ಪತ್ರಿಕೆ ಓದಿ ಕೇಳಿದರು: ‘ಏನ್ ಸ್ವಾಮಿ, ನಮ್ ಚಳ್ಳಕೆರೆ ಸೀಮೇಲಿ ಶಾಖ ಬ್ಯಾರೆ ಹುಟ್ಟಿಸ್ಬೇಕಾ? ಸೂರ್ಯಪ್ಪ ಹುಟ್ಟಿಸಿದ್ದೇ ತಡ್ಕಳಕಾಗ್ತಿಲ್ಲ.’ ನಾನು ನಕ್ಕೆ. ಆಮೇಲೆ ಯೋಚಿಸಿದರೆ ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ಯೂರೋಪಿನ ದೇಶಗಳಲ್ಲಿ ಶಾಲೆ, ಆಸ್ಪತ್ರೆ, ಚರ್ಚು ಎಂದರೆ ಮೊದಲು ಕೋಣೆಯನ್ನು ಬೆಚ್ಚಗಿಡಬೇಕು. ಅಲ್ಲಿ ಉರಿಯುವ ಇಂಧನದಲ್ಲಿ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ನಮಗೆ ಆ ಚಿಂತೆ ಇಲ್ಲ. ಹಾಗಾದರೆ ನಮ್ಮ ಸಾರ್ವಜನಿಕ ಕಟ್ಟಡಗಳಲ್ಲಿ ಬೆಂಕಿ ಎಲ್ಲಿ ಉರಿಯುತ್ತದೆ? ಪ್ರಸಾದ ನಿಲಯದ ಅಡುಗೆಮನೆಯಲ್ಲಿ. ಬಚ್ಚಲಿನ ಹಂಡೆಯ ಕೆಳಗೆ. ಶಾಲೆಯ ಬಿಸಿಯೂಟದ ಕೋಣೆಯಲ್ಲಿ, ಸಮುದಾಯ ಭವನದ ಹಿತ್ತಲಲ್ಲಿ, ಜಾತ್ರೆಯ ಬಯಲಿನಲ್ಲಿ. ನಾವು ಕೋಣೆ ಕಾಯಿಸುವುದಿಲ್ಲ, ಅನ್ನ ಕಾಯಿಸುತ್ತೇವೆ, ನೀರು ಕಾಯಿಸುತ್ತೇವೆ. ಆದ್ದರಿಂದ ಒಲೆ ಮತ್ತು ಹಂಡೆ, ಇವೆರಡನ್ನೇ ಹಿಡಿದು ಮಾತಾಡುತ್ತೇನೆ. ಚಾವಣಿಯ ಮಾತು ನಡುವೆ ಬಂದು ಹೋಗುತ್ತದೆ.

ನಾನು ಓದಿದ್ದು ಒಂದು ಉಚಿತ ಪ್ರಸಾದ ನಿಲಯದಲ್ಲಿ. ಅಲ್ಲಿನ ಅನ್ನ ಇಲ್ಲದಿದ್ದರೆ ಇಂದು ಇಲ್ಲಿ ನಿಲ್ಲುವ ಯೋಗ್ಯತೆ ನನಗೆ ಬರುತ್ತಿರಲಿಲ್ಲ. ಅಡುಗೆ ಮಾಡುತ್ತಿದ್ದ ತಾಯಿಯನ್ನು ನಾವೆಲ್ಲ ದೊಡ್ಡವ್ವ ಎನ್ನುತ್ತಿದ್ದೆವು. ಬೆಳಗಿನ ನಾಲ್ಕಕ್ಕೆ ಒಲೆ ಹೊತ್ತಬೇಕು. ಮಳೆಗಾಲವಾದರೆ ಸೌದೆ ಹಸಿ, ಊದುಗೊಳವೆ ಹಿಡಿದು ಊದಿ ಊದಿ ಅವಳ ಮುಖ ಕೆಂಪಾಗಿರುತ್ತಿತ್ತು. ನಾನು ಬೇಳೆ ಆರಿಸಿಕೊಡಲು ಒಳಗೆ ಹೋದರೆ, ‘ಏ ಮಗ, ಹೊಗೀಗೆ ಬರಬ್ಯಾಡ, ಆಚೀಗ್ ಕುಂತ್ಕ’ ಎನ್ನುವಳು. ಅವಳು ಮಾತ್ರ ಒಳಗೇ ಇರುವಳು. ಆ ಕೋಣೆಯ ಗೋಡೆ ನೆತ್ತಿಯವರೆಗೂ ಮಸಿ. ಚಾವಣಿಯ ಹತ್ತಿರ ಒಂದು ಗೇಣಿನ ಕಿಂಡಿ, ಹೊಗೆ ಹೋಗಲು ಇದ್ದ ದಾರಿ ಅದೊಂದೇ. ನಾನು ಎಸ್ಸೆಸ್ಸೆಲ್ಸಿಗೆ ಬರುವ ಹೊತ್ತಿಗೆ ಅವಳು ಮೂರು ಮೆಟ್ಟಿಲು ಹತ್ತಿ ಒಮ್ಮೆ ನಿಲ್ಲುತ್ತಿದ್ದಳು. ಬೀಡಿ ಮುಟ್ಟಿದವಳಲ್ಲ. ‘ವಯಸ್ಸಾತಲ್ಲ’ ಎನ್ನುತ್ತಿದ್ದಳು. ನಾವೂ ಹಾಗೆಂದೇ ತಿಳಿದಿದ್ದೆವು. ಅವಳಿಗೆ ಆಗ ನನ್ನ ಈಗಿನ ವಯಸ್ಸೂ ಆಗಿರಲಿಲ್ಲ ಎಂಬುದು ಲೆಕ್ಕ ಹಾಕಿದರೆ ಈಗ ಹೊಳೆಯುತ್ತದೆ.

ಮನೆಯೊಳಗಿನ ಹೊಗೆಯಿಂದ 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ತೀರಿಕೊಂಡರು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ನೂರು ಜನರಿಗೆ ಬೇಯಿಸುವ ಒಲೆಯ ಮುಂದೆ ದಿನಕ್ಕೆ ಎಂಟು ಗಂಟೆ ಕೂತವರ ಎದೆಯೊಳಗೆ ಏನಾಗುತ್ತದೆ ಎಂದು ತಿಳಿಯಲು ವೈದ್ಯರಾಗಬೇಕಿಲ್ಲ.

ಇನ್ನು ಒಲೆಯ ಗುಟ್ಟಿಗೆ ಬರೋಣ. ಮೂರು ಕಲ್ಲಿಟ್ಟು ಸೌದೆ ಉರಿಸಿದರೆ ಆ ಸೌದೆಯ ಶಾಖದಲ್ಲಿ ಸುಮಾರು ಹತ್ತನೇ ಒಂದು ಪಾಲು ಮಾತ್ರ ಪಾತ್ರೆಯೊಳಗೆ ಸೇರುತ್ತದೆ. ಉಳಿದ ಒಂಬತ್ತು ಪಾಲು ಎಲ್ಲಿ ಹೋಯಿತು? ಸ್ವಲ್ಪ ಗಾಳಿಗೆ, ಸ್ವಲ್ಪ ಕಲ್ಲಿಗೆ ಮತ್ತು ನೆಲಕ್ಕೆ, ಸ್ವಲ್ಪ ಬೇಯಿಸುವವಳ ಮುಖಕ್ಕೆ. ಸೌದೆ ಹಸಿಯಾಗಿದ್ದರೆ ಮೊದಲು ಅದರೊಳಗಿನ ನೀರನ್ನು ಆವಿ ಮಾಡಲಿಕ್ಕೇ ಬೆಂಕಿ ದುಡಿಯಬೇಕು. ಆಗ ತಾನೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಪೂರ್ತಿ ಉರಿಯದೆ ಉಳಿದದ್ದು ಹೊಗೆಯಾಗುತ್ತದೆ. ಹೊಗೆ ಎಂದರೆ ಬೇರೇನಲ್ಲ, ಉರಿಯಬೇಕಾಗಿದ್ದ ಸೌದೆ ಉರಿಯದೆ ಹೊರಟುಹೋದದ್ದು. ಭಕ್ತರು ಕೊಟ್ಟ ಕಾಣಿಕೆಯ ಹಣದಿಂದ ಸೌದೆ ಕೊಂಡು, ಅದರ ಒಂದು ಪಾಲನ್ನು ದೊಡ್ಡವ್ವನ ಎದೆಗೆ ತುಂಬುತ್ತಿದ್ದೆವು ಎಂದು ಹೇಳಿದರೆ ಕಟುವಾಯಿತೇನೋ. ಆದರೆ ನಡೆದದ್ದು ಅದೇ.

ಈ ಗುಟ್ಟನ್ನು ಬಿಡಿಸಲು ಕೂತವರು ನಮ್ಮ ನಾಡಿನವರೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು 1974ರಲ್ಲಿ ‘ಅಸ್ತ್ರ’ ಎಂಬ ಕೇಂದ್ರವನ್ನು ಕಟ್ಟಿದರು. ಹಳ್ಳಿಗೆ ಬೇಕಾದ ವಿಜ್ಞಾನ ಯಾವುದು ಎಂದು ಹಳ್ಳಿಯಲ್ಲೇ ಕೇಳಿ ತಿಳಿಯಬೇಕೆಂದು ಕುಣಿಗಲ್ ತಾಲ್ಲೂಕಿನ ಉಂಗ್ರ ಎಂಬಲ್ಲಿ ಬೀಡುಬಿಟ್ಟರು. ಹೆಣ್ಣುಮಕ್ಕಳು ಸೌದೆಗಾಗಿ ಎಷ್ಟು ದೂರ ನಡೆಯುತ್ತಾರೆ, ಎಷ್ಟು ಹೊತ್ತು ಕಳೆಯುತ್ತಾರೆ, ಎಷ್ಟು ಸುಡುತ್ತಾರೆ ಎಂದು ಮನೆಮನೆಯಲ್ಲಿ ಅಳೆದರು. ಅದರ ಫಲವಾಗಿ ಬಂದದ್ದು ‘ಅಸ್ತ್ರ ಒಲೆ’. ಹೆಸರಿಗೆ ಅಸ್ತ್ರ, ನೋಡಿದರೆ ಮಣ್ಣಿನ ಒಲೆಯೇ. ಉರಿಯುವ ಜಾಗ ಸುತ್ತಲೂ ಮುಚ್ಚಿರುತ್ತದೆ. ಸೌದೆಯ ಕೆಳಗೆ ಜಾಲರಿ, ಆ ಜಾಲರಿಯ ಕೆಳಗಿನಿಂದ ಗಾಳಿ. ಪಾತ್ರೆಗಳು ಒಲೆಯ ಮೇಲೆ ಕೂರುವುದಿಲ್ಲ, ಒಲೆಯ ಬಾಯಿಗೆ ಇಳಿದು ಕೂರುತ್ತವೆ. ಮೊದಲ ಪಾತ್ರೆಗೆ ನೇರ ಉರಿ. ಅಲ್ಲಿಂದ ಹೊರಟ ಬಿಸಿಗಾಳಿ ಎರಡನೆಯ, ಮೂರನೆಯ ಪಾತ್ರೆಯ ತಳ ಸವರಿ, ಕೊನೆಗೆ ಕೊಳವೆಯಲ್ಲಿ ಚಾವಣಿ ದಾಟಿ ಹೋಗುತ್ತದೆ. ಅನ್ನ ಬೇಯುವ ಬೆಂಕಿಯಲ್ಲೇ ಸಾರು ಕುದಿಯುತ್ತದೆ, ಆ ಸಾರಿನ ಬೆಂಕಿಯಲ್ಲೇ ನೀರು ಕಾಯುತ್ತದೆ. ಒಂದು ಉರಿಗೆ ಮೂರು ಕಾಯಕ.

ಹಾಗಾದರೆ ಈ ಒಲೆ ಮನೆಮನೆಯಲ್ಲಿ ಏಕೆ ಉಳಿಯಲಿಲ್ಲ? ಎಂಬತ್ತರ ದಶಕದಲ್ಲಿ ಕೇಂದ್ರ ಸರ್ಕಾರ ದೇಶದಾದ್ಯಂತ ಸುಧಾರಿತ ಒಲೆಯ ಕಾರ್ಯಕ್ರಮ ನಡೆಸಿತು. 2002ರ ಹೊತ್ತಿಗೆ ಅದು ನಿಂತುಹೋಯಿತು. ಒಲೆಯಲ್ಲಿ ದೋಷವಿರಲಿಲ್ಲ, ಆದರೆ ಅದನ್ನು ಅಳತೆ ತಪ್ಪದಂತೆ ಕಟ್ಟಬೇಕಿತ್ತು. ಪಾತ್ರೆ ಒಲೆಯ ಬಾಯಿಗೆ ಸರಿಯಾಗಿ ಕೂರಬೇಕು, ಕೊಳವೆಯ ಮಸಿಯನ್ನು ಆಗಾಗ ಕೆರೆಯಬೇಕು, ಬಿರುಕು ಬಿಟ್ಟರೆ ಮೆತ್ತಬೇಕು. ಗುರಿ ಮುಟ್ಟಿಸುವ ಆತುರದಲ್ಲಿ ಎಷ್ಟು ಕಟ್ಟಿದೆವು ಎಂಬ ಪಟ್ಟಿ ಬೆಳೆಯಿತು. ಕಟ್ಟಿದ ಮೇಲೆ ಯಾರು ನೋಡಿಕೊಳ್ಳುವುದು ಎಂಬ ಪಟ್ಟಿ ಇರಲೇ ಇಲ್ಲ. ಒಂಟಿ ಮನೆಯಲ್ಲಿ ಇದು ಕಷ್ಟ. ಆದರೆ ಒಂದು ಮಠಕ್ಕೆ, ಒಂದು ಪ್ರಸಾದ ನಿಲಯಕ್ಕೆ ಇದು ಕಷ್ಟವೇ? ಅಲ್ಲಿ ಪಾತ್ರೆ ಬದಲಾಗುವುದಿಲ್ಲ, ಕೊಪ್ಪರಿಗೆ ಮೂವತ್ತು ವರ್ಷ ಅದೇ ಇರುತ್ತದೆ. ಅಡುಗೆಯವರಿದ್ದಾರೆ, ವ್ಯವಸ್ಥಾಪಕರಿದ್ದಾರೆ, ಸುಣ್ಣಬಣ್ಣಕ್ಕೆ ವರ್ಷಕ್ಕೊಮ್ಮೆ ಗಾರೆಯವರು ಬರುತ್ತಾರೆ. ಒಳ್ಳೆಯ ಒಲೆ ಉಳಿಯಬೇಕಾದ ಜಾಗ ಎಂದರೆ ದಾಸೋಹದ ಮನೆಯೇ. ನಾನು ಇವತ್ತು ಹೇಳಬೇಕೆಂದು ಬಂದದ್ದರಲ್ಲಿ ಅರ್ಧ ಇಷ್ಟೇ.

ಇನ್ನರ್ಧ ಹೇಳುವ ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಓದಿ ಮುಗಿಸಿ ನಾನು ಕಟ್ಟಡಗಳ ಎಂಜಿನಿಯರ್ ಆದೆ. ಒಂದು ಕಡೆ ಇನ್ನೂರು ಮಕ್ಕಳ ವಸತಿ ನಿಲಯ ಕಟ್ಟುವ ಹೊಣೆ ನನ್ನ ಪಾಲಿಗೆ ಬಂತು. ಮುಂಭಾಗದ ಕಮಾನಿಗೆ ಮೂರು ಬಾರಿ ನಕ್ಷೆ ಬದಲಿಸಿದೆ. ಅಡುಗೆಮನೆಯ ನಕ್ಷೆಯನ್ನು ಹಳೆಯ ಕಡತದಿಂದ ಹಾಗೆಯೇ ಎತ್ತಿ ಹಾಕಿದೆ. ದೊಡ್ಡವ್ವನ ಕೈಯಡುಗೆ ಉಂಡು ಬೆಳೆದವನು ನಾನು, ಹೊಗೆ ಕೊಳವೆ ಬರೆಯುವುದನ್ನೇ ಮರೆತೆ! ಬಚ್ಚಲಿಗೆ ಮಾತ್ರ ಸೋಲಾರ್ ನೀರು ಕಾಯಿಸುವ ಯಂತ್ರ ಹಾಕಿಸಿದೆ. ಗಾಜಿನ ಕೊಳವೆಗಳದು, ನೋಡಲು ಅಂದ. ಉದ್ಘಾಟನೆಯ ದಿನ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡೆ. ಎರಡು ವರ್ಷ ಬಿಟ್ಟು ಹೋದಾಗ ಮಕ್ಕಳು ಹಿತ್ತಲಲ್ಲಿ ಹಂಡೆಯಿಟ್ಟು ಜಾಲಿ ಸೌದೆ ಉರಿಸುತ್ತಿದ್ದರು. ಮೇಲ್ವಿಚಾರಕರು ಮಾಳಿಗೆ ಹತ್ತಿಸಿ ತೋರಿಸಿದರು. ನಮ್ಮ ಕೊಳವೆಬಾವಿಯ ಗಡಸು ನೀರು ಕಾದು ಕಾದು ಕೊಳವೆಗಳ ಒಳಗೆಲ್ಲ ಸುಣ್ಣದ ಪೊರೆ ಕಟ್ಟಿತ್ತು. ‘ಸಾರ್, ಇದರೊಳಗೆ ಈಗ ನೀರಿಗಿಂತ ಕಲ್ಲೇ ಜಾಸ್ತಿ’ ಎಂದರು. ಅವರು ನನ್ನನ್ನು ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು. ಊರಿನ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿದ್ದರೆ ಸಾಕಿತ್ತು. ಇಂಥ ನೀರಿಗೆ ಬೇರೆ ಜೋಡಣೆ ಇದೆ. ಫಲಕದೊಳಗೆ ಮಳೆನೀರಿನಂಥ ಮೆದು ನೀರು ಒಂದು ಮುಚ್ಚಿದ ಸುತ್ತಿನಲ್ಲಿ ಓಡಾಡುತ್ತದೆ, ಅದು ತೊಟ್ಟಿಯೊಳಗಿನ ಸುರುಳಿಯ ಮೂಲಕ ನಮ್ಮ ನೀರನ್ನು ಕಾಯಿಸುತ್ತದೆ. ಸ್ವಲ್ಪ ದುಬಾರಿ, ಆದರೆ ಫಲಕ ಉಳಿಯುತ್ತದೆ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ನೀರು ಎಂಥದು ಎಂದು ನಿಮಗೆ ನಾನು ಹೇಳಬೇಕಿಲ್ಲ. ಫ್ಲೋರೈಡಿನ ಕಲೆ ನಮ್ಮ ಹಲ್ಲಿನ ಮೇಲೇ ಇದೆ. ಆದ್ದರಿಂದ ಯಾರಾದರೂ ದಾನಿಗಳು ಸೋಲಾರ್ ಹೀಟರ್ ಕೊಡಲು ಮುಂದೆ ಬಂದರೆ ಸಂತೋಷದಿಂದ ಸ್ವೀಕರಿಸಿ, ಆದರೆ ಮೊದಲು ಒಂದು ಬಾಟಲಿ ನೀರು ತೆಗೆದುಕೊಂಡು ಪ್ರಯೋಗಾಲಯಕ್ಕೆ ಹೋಗಿ.

ಆ ಹಂಡೆಯ ಮುಂದೆ ನಿಂತು ಅಂದು ಹಾಕಿದ ಲೆಕ್ಕವನ್ನು ನಿಮ್ಮ ಮುಂದೆಯೂ ಹಾಕುತ್ತೇನೆ, ಗಣಿತದ ಮೇಷ್ಟ್ರು ಯಾರಾದರೂ ಇದ್ದರೆ ತಿದ್ದಿ. ಇನ್ನೂರು ಮಕ್ಕಳು, ಒಬ್ಬೊಬ್ಬರಿಗೆ ಸ್ನಾನಕ್ಕೆ 15 ಲೀಟರ್ ಬೆಚ್ಚನೆಯ ನೀರು. 25 ಡಿಗ್ರಿಯಿಂದ 40 ಡಿಗ್ರಿಗೆ ಏರಿಸಬೇಕು. ಇದಕ್ಕೆ ಬೇಕಾದ ಶಾಖ ಸುಮಾರು 52 ಯೂನಿಟ್ ವಿದ್ಯುತ್ತಿಗೆ ಸಮ. ಒಂದು ಕಿಲೋ ಒಣಸೌದೆಯಲ್ಲಿ ಸುಮಾರು 4 ಯೂನಿಟ್‌ನಷ್ಟು ಶಾಖವಿದೆ. ತೆರೆದ ಒಲೆಯಲ್ಲಿ ಹತ್ತನೇ ಒಂದು ಪಾಲು ಮಾತ್ರ ದಕ್ಕುವುದರಿಂದ ದಿನಕ್ಕೆ 130 ಕಿಲೋ ಸೌದೆ ಬೇಕು. ಹತ್ತರಲ್ಲಿ ಮೂರು ಪಾಲು ದಕ್ಕಿಸುವ ಒಲೆಯಾದರೆ 43 ಕಿಲೋ. ಬಿಸಿಲಿನಿಂದಾದರೆ? ನಮ್ಮ ಸೀಮೆಯಲ್ಲಿ ಒಂದು ಚದರ ಮೀಟರ್ ಜಾಗದ ಮೇಲೆ ದಿನಕ್ಕೆ ಸರಾಸರಿ 5 ಯೂನಿಟ್‌ನಷ್ಟು ಬಿಸಿಲು ಬೀಳುತ್ತದೆ. ಅದರಲ್ಲಿ ಅರ್ಧ ಹಿಡಿದರೂ ಸುಮಾರು 20 ಚದರ ಮೀಟರ್ ಫಲಕ ಸಾಕು. ನಾವು ಇವತ್ತು ಕೂತಿರುವ ಈ ಭವನದ ಮಾಳಿಗೆಯ ಒಂದು ಮೂಲೆ. ಸೌದೆ ಸೊನ್ನೆ. ಮೋಡ ಕವಿದ ನಾಲ್ಕು ದಿನಕ್ಕೆ ಹಂಡೆ ಇದ್ದೇ ಇದೆ.

ದಿನಕ್ಕೆ 130 ಕಿಲೋ ಎಂದರೆ ವರ್ಷಕ್ಕೆ ಎಷ್ಟು ಎತ್ತಿನ ಗಾಡಿ ಎಂದು ನೀವೇ ಎಣಿಸಿ. ಅದು ಎಲ್ಲಿಂದ ಬರುತ್ತದೆ? ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ನಮ್ಮದೂ ಒಂದು. ಬಳ್ಳಾರಿ ಜಾಲಿ ಎಷ್ಟು ಕಡಿದರೂ ಬೆಳೆಯುತ್ತದೆ, ನಿಜ, ಅದನ್ನು ಉರಿಸುವುದಕ್ಕೆ ನನ್ನ ತಕರಾರಿಲ್ಲ. ಆದರೆ ಸೌದೆ ಗಾಡಿಯಲ್ಲಿ ಜಾಲಿಯ ಕೆಳಗೆ ಹೊಂಗೆ ಇರುತ್ತದೆ, ಬೇವು ಇರುತ್ತದೆ, ಹುಣಸೆಯೂ ಇರುತ್ತದೆ. ಮಠದ ಅಂಗಳದಲ್ಲಿ ವನಮಹೋತ್ಸವ ಮಾಡಿ ಮಠದ ಹಿತ್ತಲಲ್ಲಿ ಆ ಮರವನ್ನೇ ಉರಿಸುವುದು ಯಾವ ಪುಣ್ಯದ ಲೆಕ್ಕಕ್ಕೆ ಸೇರುತ್ತದೋ ನಾನರಿಯೆ.

ನಮ್ಮ ಶರಣರಲ್ಲಿ ಸೌದೆಯವರೇ ಒಬ್ಬರಿದ್ದಾರೆ. ಮೋಳಿಗೆಯ ಮಾರಯ್ಯ. ಮೋಳಿಗೆ ಎಂದರೆ ಸೌದೆಯ ಹೊರೆ. ಕಾಶ್ಮೀರದ ಅರಸೊತ್ತಿಗೆ ಬಿಟ್ಟು, ಮಡದಿ ಮಹಾದೇವಿಯೊಡನೆ ಕಲ್ಯಾಣಕ್ಕೆ ಬಂದು, ಕಾಡಿನಿಂದ ಸೌದೆ ಹೊತ್ತು ತಂದು ಮಾರಿ, ಅದರಿಂದ ಜಂಗಮ ದಾಸೋಹ ನಡೆಸಿದರೆಂದು ನಾವೆಲ್ಲ ಕೇಳಿದ್ದೇವೆ. ಈ ಕಥೆಯನ್ನು ನೂರು ವೇದಿಕೆಗಳಲ್ಲಿ ತ್ಯಾಗದ ಕಥೆಯೆಂದು ಹೇಳುತ್ತೇವೆ. ಒಮ್ಮೆ ಹೆಗಲಿನ ಕಡೆಯಿಂದ ನೋಡಿ. ಪ್ರತಿ ಹೊರೆಯನ್ನೂ ತಾನೇ ಕಡಿದು ತಾನೇ ಹೊತ್ತವನಿಗೆ ಒಂದು ಕೊಳ್ಳಿಯ ಬೆಲೆ ಗೊತ್ತಿರುತ್ತದೆ. ಹೊತ್ತವನು ಒಂದು ಕಡ್ಡಿಯನ್ನೂ ವೃಥಾ ಉರಿಸಲಾರ. ಸೌದೆಗೆ ಟ್ರ್ಯಾಕ್ಟರ್ ಬಂದು, ಬಿಲ್ಲಿಗೆ ಕಾಣಿಕೆ ಹುಂಡಿಯಿಂದ ಹಣ ಹೋಗುವ ಕಾಲಕ್ಕೆ ಆ ತಿಳಿವು ನಮ್ಮಿಂದ ಜಾರಿತು.

ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ಇನ್ನೂ ನೇರ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಗಂಡನನ್ನು ಮೆಚ್ಚಿಕೊಳ್ಳಬೇಕಾದ ಲಕ್ಕಮ್ಮ ಪ್ರಶ್ನೆ ಮಾಡಿದಳು, ನಮಗೆ ಬೇಕಾದದ್ದಕ್ಕಿಂತ ಹೆಚ್ಚಿನದು ನಮ್ಮದಲ್ಲ, ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದಳು. ದಾಸೋಹಕ್ಕೇ ಬಳಕೆಯಾಗುವ ಅಕ್ಕಿ ಅದು, ಕದ್ದದ್ದಲ್ಲ. ಆದರೂ ಲೆಕ್ಕ ಕೇಳಿದಳು. ನಮ್ಮ ಮಠಗಳಲ್ಲಿ ಅಕ್ಕಿಯ ಲೆಕ್ಕ ಉಂಟು, ಬೇಳೆಯ ಲೆಕ್ಕ ಉಂಟು, ಎಣ್ಣೆ ಡಬ್ಬಿಯ ಲೆಕ್ಕ ಉಂಟು. ಬೆಂಕಿಯ ಲೆಕ್ಕ ಎಲ್ಲಿದೆ? ‘ಸೌದೆ, ಗ್ಯಾಸು, ಇತರೆ’ ಎಂದು ಒಂದೇ ಸಾಲು. ನಾನು ನೋಡಿದ ವಾರ್ಷಿಕ ವರದಿಗಳಲ್ಲಿ ಇದಕ್ಕಿಂತ ಹೆಚ್ಚು ಕಂಡಿಲ್ಲ. ಮಕ್ಕಳ ಬಿಸಿಯೂಟಕ್ಕೆ ಸರ್ಕಾರ ‘ಅಕ್ಷರ ದಾಸೋಹ’ ಎಂದು ಹೆಸರಿಟ್ಟಾಗ, 2002ರಲ್ಲಿ, ನಾವು ಹೆಮ್ಮೆಪಟ್ಟೆವು. ಶರಣರ ಶಬ್ದ ಸರ್ಕಾರದ ಕಡತಕ್ಕೆ ಹೋಯಿತು. ಶಬ್ದದ ಜೊತೆಗೆ ಲಕ್ಕಮ್ಮನ ಲೆಕ್ಕವೂ ಹೋಗಬೇಕಾಗಿತ್ತು. ನಮ್ಮಲ್ಲೇ ಇಲ್ಲದ್ದನ್ನು ಅವರಿಗೆ ಹೇಗೆ ಕೊಡುವುದು?

ಗ್ಯಾಸ್ ಬಂತಲ್ಲ, ಸೌದೆಯ ಮಾತು ಇನ್ನೇಕೆ ಎನ್ನುವವರಿದ್ದಾರೆ. ಗ್ಯಾಸ್ ಬಂದದ್ದು ತಾಯಂದಿರಿಗೆ ದೊಡ್ಡ ಉಪಕಾರ, ಅದನ್ನು ಹೀಗಳೆಯುವ ಮಾತಿಲ್ಲ. ಆದರೆ ಇನ್ನೂರು ಜನರಿಗೆ ಬೇಯಿಸುವಲ್ಲಿ 19 ಕಿಲೋದ ವಾಣಿಜ್ಯ ಸಿಲಿಂಡರು ಎಷ್ಟು ಬೇಗ ಮುಗಿಯುತ್ತದೆ, ಅದರ ಬೆಲೆ ಹೇಗೆ ಏರಿಳಿಯುತ್ತದೆ ಎಂದು ವ್ಯವಸ್ಥಾಪಕರನ್ನು ಕೇಳಿ. ಬೆಲೆ ಏರಿದ ತಿಂಗಳು ಸಿಲಿಂಡರು ಮೂಲೆಗೆ, ಕಲ್ಲಿನ ಒಲೆ ಮುಂದಕ್ಕೆ. ಹೀಗೆ ಮಾಡುವ ಕಡೆ ಎರಡೂ ಒಲೆ ಇರುತ್ತವೆ, ಎರಡೂ ಕೆಟ್ಟದಾಗಿ ಉರಿಯುತ್ತವೆ. ಗ್ಯಾಸಿನಲ್ಲೂ ಮುಚ್ಚಳವಿಲ್ಲದ ಕೊಪ್ಪರಿಗೆ, ತಳ ದಾಟಿ ಪಕ್ಕಕ್ಕೆ ಹರಿಯುವ ಉರಿ. ಬೇಳೆಯನ್ನು ರಾತ್ರಿಯೇ ನೆನೆಹಾಕಿದರೆ, ಕುದಿ ಬಂದ ಮೇಲೆ ಉರಿ ತಗ್ಗಿಸಿದರೆ, ಕೊಪ್ಪರಿಗೆಗೆ ಭದ್ರವಾದ ಮುಚ್ಚಳ ಮಾಡಿಸಿದರೆ ಇಂಧನ ಉಳಿಯುತ್ತದೆ. ಕುದಿಯುತ್ತಿರುವ ನೀರಿಗೆ ಎಷ್ಟು ಉರಿ ಹೆಚ್ಚಿಸಿದರೂ ಅದರ ಬಿಸಿ ಏರುವುದಿಲ್ಲ, ಆವಿ ಮಾತ್ರ ಹೆಚ್ಚುತ್ತದೆ. ಇದನ್ನು ನಮ್ಮ ಅಜ್ಜಿಯಂದಿರು ಬಲ್ಲರು. ನಾವೇ ದೊಡ್ಡ ಉರಿ ನೋಡಿದರೆ ದೊಡ್ಡ ದಾಸೋಹ ಎಂದು ತಿಳಿದೆವು.

ಗೋಶಾಲೆ ಇರುವ ಮಠಗಳಿಗೆ ಇನ್ನೊಂದು ದಾರಿಯಿದೆ. ಒಂದು ಹಸುವಿನಿಂದ ದಿನಕ್ಕೆ ಹತ್ತು ಕಿಲೋ ಸಗಣಿ ಎಂದಿಟ್ಟುಕೊಳ್ಳಿ. ನಲವತ್ತು ಹಸುವಿಗೆ ನಾನೂರು ಕಿಲೋ. 25 ಕಿಲೋ ಸಗಣಿಗೆ ಸುಮಾರು ಒಂದು ಘನ ಮೀಟರ್ ಅನಿಲ, ಅಂಥ ಒಂದು ಘನ ಮೀಟರ್ ಸುಮಾರು 450 ಗ್ರಾಂ ಅಡುಗೆ ಅನಿಲಕ್ಕೆ ಸಮ. ಅಂದರೆ ದಿನಕ್ಕೆ ಏಳು ಕಿಲೋ. ಮೂರು ದಿನಕ್ಕೊಂದು ವಾಣಿಜ್ಯ ಸಿಲಿಂಡರು ಹಸುಗಳೇ ಕೊಟ್ಟಂತೆ, ಗೊಬ್ಬರವೂ ಕೈತಪ್ಪುವುದಿಲ್ಲ. ಆದರೆ ಸಗಣಿಯಷ್ಟೇ ನೀರು ಬೆರೆಸಬೇಕು ಎಂಬುದು ನಮ್ಮ ಸೀಮೆಯಲ್ಲಿ ಸಣ್ಣ ಮಾತಲ್ಲ, ಕೊಟ್ಟಿಗೆ ತೊಳೆದ ನೀರನ್ನೇ ಅದಕ್ಕೆ ತಿರುಗಿಸಬೇಕಾಗುತ್ತದೆ. ಅಸ್ತ್ರದವರೇ ಉಂಗ್ರದ ಹತ್ತಿರದ ಪುರ ಎಂಬ ಹಳ್ಳಿಯಲ್ಲಿ ಊರಿಗೆಲ್ಲ ಒಂದು ಗೋಬರ್ ಗ್ಯಾಸ್ ಘಟಕ ಕಟ್ಟಿದ್ದರು. ಮೊದಲು ಮನೆಮನೆಯ ಅಡುಗೆಗೆ ಅನಿಲ ಕೊಡಲು ಹೋದರು, ಅದು ಸಾಲದೆ ಹೋಯಿತು. ಆಮೇಲೆ 1987ರಿಂದ ಆ ಅನಿಲದಲ್ಲಿ ಎಂಜಿನ್ ಓಡಿಸಿ ಊರಿಗೆ ಕುಡಿಯುವ ನೀರು, ದೀಪ ಕೊಟ್ಟರು. ಜನರಿಗೆ ಮೊದಲು ಬೇಕಾಗಿದ್ದದ್ದು ನೀರು. ಕೊಡುವವರು ತಮಗೆ ತೋಚಿದ್ದನ್ನು ಕೊಟ್ಟಾಗ ಸೋತರು, ಪಡೆಯುವವರಿಗೆ ಬೇಕಾದ್ದನ್ನು ಕೊಟ್ಟಾಗ ನಡೆಯಿತು. ನಾನು ಇದನ್ನು ಓದಿದಾಗ ನನ್ನ ಗಾಜಿನ ಕೊಳವೆಗಳು ನೆನಪಾದವು.

ದೊಡ್ಡ ಕ್ಷೇತ್ರಗಳ ಮಾತೂ ಹೇಳಿಬಿಡುತ್ತೇನೆ, ಏಕೆಂದರೆ ಯಾರಾದರೂ ಕೇಳಿಯೇ ಕೇಳುತ್ತಾರೆ. ತಿರುಮಲದಲ್ಲಿ 2002ರಲ್ಲಿ 106 ದೊಡ್ಡ ಬಟ್ಟಲು ಕನ್ನಡಿಗಳನ್ನು ಮಾಳಿಗೆಯ ಮೇಲಿಟ್ಟು, ಬಿಸಿಲಿನಿಂದಲೇ ಆವಿ ಹುಟ್ಟಿಸಿ ಸುಮಾರು 15,000 ಜನರಿಗೆ ಅಡುಗೆ ಮಾಡುವ ವ್ಯವಸ್ಥೆ ಮಾಡಿದರು. ಶಿರಡಿಯಲ್ಲಿ 2009ರಲ್ಲಿ 73 ಕನ್ನಡಿ ಕೂಡಿಸಿದರು. ಅದ್ಭುತವೇ ಸರಿ. ಆದರೆ ನಮ್ಮ ಇನ್ನೂರು ಮಕ್ಕಳ ನಿಲಯಕ್ಕೆ ಅದು ಬೇಡ ಎಂದೇ ನನ್ನ ಅಭಿಪ್ರಾಯ. ಸೂರ್ಯ ತಿರುಗಿದಂತೆ ಕನ್ನಡಿಯನ್ನೂ ತಿರುಗಿಸಬೇಕು, ದಿನವೂ ಒರೆಸಬೇಕು. ಚಳ್ಳಕೆರೆಯ ಧೂಳಿನಲ್ಲಿ ಒರೆಸುವವರು ಯಾರು? ಪಕ್ಕದ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆ, ನೋಡಲು ಹೋಗಿ ಬನ್ನಿ. ಹಿಂದಿರುಗಿ ಬಂದು ನಿಮ್ಮ ಒಲೆಯ ಕೊಳವೆಯ ಮಸಿ ತೆಗೆಯಿರಿ. ನಮ್ಮ ಮಟ್ಟಕ್ಕೆ ಅದೇ ಮೊದಲ ಕೆಲಸ.

ಚಾವಣಿಯ ಬಗ್ಗೆ ಎರಡೇ ಮಾತು. ನಮ್ಮ ಹಿರಿಯರ ಮಾಳಿಗೆ ಮನೆಯಲ್ಲಿ ತೊಲೆಯ ಮೇಲೆ ಗೇಣುದ್ದ ಮಣ್ಣು ಹಾಸಿರುತ್ತಿತ್ತು. ಏಪ್ರಿಲ್ ಮಧ್ಯಾಹ್ನದಲ್ಲೂ ಒಳಗೆ ತಂಪು. ಈಗ ಶಾಲೆಗೂ ಭವನಕ್ಕೂ ಬರಿಯ ಕಾಂಕ್ರೀಟು ಅಥವಾ ತಗಡು, ಅದರ ಕೆಳಗೆ ಎಂಟು ಫ್ಯಾನು. ಚಾವಣಿಗೆ ಬಿಳಿ ಸುಣ್ಣ ಬಳಿದರೂ ಬಿಸಿಲು ಹಿಂದಕ್ಕೆ ಹೋಗುತ್ತದೆ. ತೆಲಂಗಾಣ ಸರ್ಕಾರ 2023ರಲ್ಲಿ ಇದಕ್ಕೆಂದೇ ಒಂದು ನೀತಿ ತಂದಿತು. ಹಳೆಯ 75 ವಾಟಿನ ಫ್ಯಾನು ಕೆಟ್ಟಾಗ 30 ವಾಟಿನ ಹೊಸ ಬಗೆಯದನ್ನು ಹಾಕಿಸಿ. ಇಷ್ಟು ಸಾಕು, ಒಲೆಗೆ ಹಿಂದಿರುಗುತ್ತೇನೆ.

ಕೆಲವರಿಗೆ ಬೇಸರವಾಗಬಹುದಾದ ಮಾತೊಂದನ್ನು ಹೇಳದೆ ಹೋಗಲಾರೆ. ಇಲ್ಲಿಗೆ ಹತ್ತಿರದ ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿಗಳ ಗದ್ದುಗೆ ಇದೆ. ಕೆರೆ ಕಟ್ಟಿಸಿದ ಮಹಾತ್ಮರು ಎಂದು ನಮ್ಮ ಸೀಮೆಯ ಮಗುವೂ ಬಲ್ಲದು. ಮಳೆಯಿಲ್ಲದ ನೆಲದಲ್ಲಿ ಒಂದು ಹನಿಯೂ ವ್ಯರ್ಥವಾಗಬಾರದೆಂದು ದುಡಿದವರು. ಅವರ ಜಾತ್ರೆಯಲ್ಲಿ ನಾವು ರಾಶಿ ರಾಶಿ ಕೊಬ್ಬರಿ ಸುಟ್ಟು ಹರಕೆ ತೀರಿಸುತ್ತೇವೆ. ಭಕ್ತಿಯನ್ನು ಆಡಿಕೊಳ್ಳಲು ಇದನ್ನು ಹೇಳುತ್ತಿಲ್ಲ, ನನ್ನ ತಾಯಿಯೂ ಸುಟ್ಟಿದ್ದಾಳೆ, ನನ್ನ ಜ್ವರ ಬಿಟ್ಟದ್ದಕ್ಕೆ. ಆ ಕೊಬ್ಬರಿ ಒಂದು ಪ್ರಸಾದ ನಿಲಯದ ಸಾರಿಗೆ ಬಿದ್ದರೆ ಸ್ವಾಮಿ ಮುನಿಯುತ್ತಾರೆಯೇ ಎಂದು ಮಾತ್ರ ಕೇಳುತ್ತೇನೆ. ಉತ್ತರ ನೀವು ನಿಮ್ಮ ಮನೆಯಲ್ಲಿ ಹುಡುಕಿ.

ದಾನಿಗಳ ವಿಷಯವೂ ಇಂಥದೇ. ಕಮಾನಿಗೆ ದಾನಿ ಸಿಗುತ್ತಾರೆ, ಅಮೃತಶಿಲೆಗೆ ಸಿಗುತ್ತಾರೆ. ಒಂದು ಕಡೆ ಅಡುಗೆಮನೆಗೆ ಹೊಗೆ ಕೊಳವೆ ಕೇಳಿದಾಗ ಶ್ರೀಮಂತರೊಬ್ಬರು ನಗುತ್ತಾ ‘ಚಿಮಣಿಯ ಮೇಲೆ ನಮ್ಮಪ್ಪನ ಹೆಸರು ಬರೆಸಲಿಕ್ಕಾಗುತ್ತಾ?’ ಎಂದರು. ಬರೆಸೋಣ ಎಂದೆ. ಬರೆಸಿದೆವು ಕೂಡ. ಆ ಊರಿನಲ್ಲಿ ಅತಿ ಎತ್ತರದಲ್ಲಿರುವ ಹೆಸರು ಈಗ ಅವರ ತಂದೆಯದೇ.

ಇನ್ನು ನನ್ನಿವಾಳದವರಿಗೆ ಒಂದು ಮಾತು. ನಿಮ್ಮ ಮಗ್ಗುಲಲ್ಲೇ ಕುದಾಪುರದ ಹತ್ತಿರ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ. ಸುಮಾರು 1,500 ಎಕರೆ. ಅದು ಅಮೃತಮಹಲ್ ಕಾವಲಾಗಿತ್ತು, ನಿಮ್ಮ ಕುರಿ ದನ ಮೇಯುತ್ತಿದ್ದ ಹುಲ್ಲು. ಕಾವಲು ಹೋದ ನೋವು, ಅದಕ್ಕಾಗಿ ನಡೆದ ಹೋರಾಟ, ಕಟ್ಟೆ ಹತ್ತಿದ ನ್ಯಾಯ ನಿಮಗೆ ಗೊತ್ತಿರುವಷ್ಟು ನನಗೆ ಗೊತ್ತಿಲ್ಲ. ಆ ಗಾಯದ ಮೇಲೆ ಮಾತಾಡಲು ನಾನು ಬಂದವನಲ್ಲ. ಆದರೆ ಅಸ್ತ್ರ ಒಲೆ ಹುಟ್ಟಿದ್ದು ಇದೇ ಸಂಸ್ಥೆಯಲ್ಲಿ. ಬೆಂಗಳೂರಿನಲ್ಲಿ ಹುಟ್ಟಿದ ಒಲೆ ಚಳ್ಳಕೆರೆಯ ಹಟ್ಟಿಗೆ ಬರಲು ನಲವತ್ತು ವರ್ಷ ಸಾಲಲಿಲ್ಲ, ಸಂಸ್ಥೆಯೇ ಇಲ್ಲಿಗೆ ಬಂದಿದೆ. ಈ ಆವರಣದಲ್ಲಿ ಶಾಲಾ ಶಿಕ್ಷಕರಿಗೆ ವಿಜ್ಞಾನದ ತರಬೇತಿ ಕೊಡುತ್ತಾರೆ, ಒಳ್ಳೆಯ ಕೆಲಸ. ಊರಿನ ಹಿರಿಯರು, ಲಿಂಗಾಯತರು, ನಾಯಕರು, ಗೊಲ್ಲರು ಎನ್ನದೆ ಎಲ್ಲರೂ ಕೂಡಿ ಹೋಗಿ ಕೇಳಿ: ನಮ್ಮ ಶಾಲೆಯ ಒಲೆ ನೋಡಲು ಬನ್ನಿ, ಪ್ರಸಾದ ನಿಲಯದ ಹಂಡೆ ಅಳೆಯಲು ಬನ್ನಿ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳಲ್ಲಿ ಶೇಂಗಾ ಸಿಪ್ಪೆ ರಾಶಿ ಬೀಳುತ್ತದೆ, ಅದನ್ನು ಹೊಗೆಯಿಲ್ಲದೆ ಉರಿಸುವ ಒಲೆಯನ್ನು ನಮ್ಮ ಕೊಪ್ಪರಿಗೆಯ ಅಳತೆಗೆ ಮಾಡಿಕೊಡಿ. ಭಿಕ್ಷೆಯೆಂದು ಕೇಳಬೇಡಿ. ಕಾವಲು ಕೊಟ್ಟವರು ಕೇಳುವ ಹಾಗೆ ಕೇಳಿ.

ಒಲೆ ಬದಲಿಸಿದರೆ ಎಷ್ಟು ಉಳಿಯುತ್ತದೆ ಎಂದು ಪೂಜ್ಯರು ಆಗಲೇ ಕೇಳಿದರು. ಒಂದು ಅಂಕಿ ಹೇಳಿ ಚಪ್ಪಾಳೆ ತಟ್ಟಿಸಿಕೊಳ್ಳಬಹುದು. ಹೇಳುವುದಿಲ್ಲ. ಒಲೆಯಿಂದ ಒಲೆಗೆ, ಕೈಯಿಂದ ಕೈಗೆ ಅದು ಬೇರೆ. ಮೊದಲು ಈಗ ಎಷ್ಟು ಉರಿಯುತ್ತಿದೆ ಎಂದು ತೂಗಬೇಕು. ಏಳು ದಿನ, ಪ್ರತಿ ಬೆಳಿಗ್ಗೆ, ಒಲೆಗೆ ಹೋಗುವ ಸೌದೆಯನ್ನು ತಕ್ಕಡಿಗೆ ಹಾಕಿ, ಉಂಡವರ ಸಂಖ್ಯೆಯ ಪಕ್ಕದಲ್ಲಿ ಬರೆಯಿರಿ. ಅಕ್ಕಿಯ ಪುಸ್ತಕದಲ್ಲೇ ಒಂದು ಗೆರೆ ಹೆಚ್ಚಿಗೆ ಎಳೆದರೆ ಆಯಿತು. ಬರೆಯುವವರು ಅಡುಗೆಯ ತಾಯಂದಿರೇ ಆಗಲಿ. ಒಲೆ ಎಲ್ಲಿರಬೇಕು, ಎಷ್ಟು ಎತ್ತರವಿರಬೇಕು, ಕಿಟಕಿ ಯಾವ ಕಡೆ ಎಂಬುದನ್ನೂ ಅವರೇ ಹೇಳಲಿ. ನನ್ನಂಥ ಎಂಜಿನಿಯರು ಆಮೇಲೆ ನಕ್ಷೆ ಬರೆಯಲಿ.

ನನ್ನ ಚೀಲದಲ್ಲಿ ತೂಗುವ ತಕ್ಕಡಿಯೊಂದನ್ನು ತಂದಿದ್ದೇನೆ. ಪ್ರಸಾದವಾದ ಮೇಲೆ, ನಾಳೆಯ ಬೆಳಗಿನ ಒಲೆಗೆಂದು ಒಟ್ಟಿರುವ ಸೌದೆಯನ್ನು ಒಳಗೆ ಹೋಗಿ ತೂಗೋಣ ಎಂದು ಅಡುಗೆಯ ತಾಯಂದಿರನ್ನು ಆಗಲೇ ಕೇಳಿಕೊಂಡಿದ್ದೇನೆ. ‘ಬರ್ರಿ ಅಣ್ಣಾರೆ, ಆದ್ರೆ ಹೊಗಿ ಐತೆ’ ಎಂದರು. ಬರುವವರು ಬನ್ನಿ. ಗೋಡೆಗೆ ಒರಗಿ ನಿಂತಿರುವ ತರುಣರಲ್ಲಿ ಇಬ್ಬರು ಸೌದೆ ಎತ್ತಿಕೊಡಲು ಬೇಕು.